600 ಎಂಎಂ ಲೆನ್ಸ್ ಹಾಗಿರಲಿ, ಮೊದಲು ಡಿಲೀಟ್ ಮಾಡೋದು ನಿಲ್ಲಿಸಿ

ನಿಮ್ಮ ಹತ್ತಿರ 300 ಎಂಎಂ ಲೆನ್ಸ್ ಇದೆ, ಹಿತ್ತಲಿನ ಹಕ್ಕಿಗಳು ಮಸುಕಾಗಿ ಬರುತ್ತಿವೆ, ದೂರದ್ದನ್ನು ಇನ್ನೂ ದೊಡ್ಡದಾಗಿ ತೋರಿಸುವ 600 ಎಂಎಂ ಜೂಮ್ ಕೊಳ್ಳಲೇ ಅಥವಾ ಹೊಸ ಕ್ಯಾಮೆರಾ ಬಾಡಿ ಕೊಳ್ಳಲೇ ಎಂದು ಈ ಗುಂಪಿನಲ್ಲಿ ಕೇಳಿದ್ದೀರಿ. ನಡುವೆ ಇನ್ನೊಂದು ಮಾತನ್ನೂ ಸುಮ್ನೆ ಹೇಳಿ ಮುಂದೆ ಹೋಗಿದ್ದೀರಿ: ‘ಚೆನ್ನಾಗಿ ಬಾರದ್ದನ್ನೆಲ್ಲ ಅವತ್ತೇ ಡಿಲೀಟ್ ಮಾಡುತ್ತೇನೆ.’ ಲೆನ್ಸಿನ ವಿಚಾರ ಆಮೇಲೆ ನೋಡೋಣ. ಈ ಸಾಲು ಓದಿದ ಮೇಲೆ ನನಗೆ ಉತ್ತರ ಬರೆಯದೆ ಇರಲು ಆಗಲಿಲ್ಲ.

ನಾನು 600 ಎಂಎಂ ಕೊಂಡವನು. ಅದು ತಪ್ಪಾಯಿತು ಎಂದು ಹೇಳಲು ಬಂದಿಲ್ಲ. ಲೆನ್ಸ್ ಚೆನ್ನಾಗಿಯೇ ಇತ್ತು, ಈಗಲೂ ಇದೆ. ನನಗೆ ನಷ್ಟ ಮಾಡಿದ್ದು ಲೆನ್ಸ್ ಅಲ್ಲ, ಡಿಲೀಟ್ ಬಟನ್.

ಒಂದು ಚಳಿಗಾಲ ಹಿತ್ತಲಿಗೆ ಒಂದು ಪುಟ್ಟ ಕಂದು ಹಕ್ಕಿ ಬರುತ್ತಿತ್ತು. ಗುಬ್ಬಚ್ಚಿಗಿಂತ ಸಣ್ಣದು, ದೊಡ್ಡ ಕಣ್ಣು, ಕಣ್ಣಿನ ಸುತ್ತ ತೆಳು ಬಿಳಿ ಉಂಗುರ. ಕೊಂಬೆಯ ಮೇಲೆ ಅಲ್ಲಾಡದೆ ಕೂತಿರುತ್ತಿತ್ತು, ಇದ್ದಕ್ಕಿದ್ದಂತೆ ಹಾರಿ ಗಾಳಿಯಲ್ಲೇ ಹುಳ ಹಿಡಿದು ಮತ್ತೆ ಬಂದು ಕೂರುತ್ತಿತ್ತು. ನೊಣಹಿಡುಕ ಎಂದು ಗೊತ್ತಾಯಿತು, ಅಷ್ಟು ಕಲಿತಿದ್ದೆ. ಸಂಜೆ ಬೆಳಕು ಇಳಿಯುವ ಹೊತ್ತಿಗೆ ಪೊದೆಯ ಕೆಳಗಿನ ಕೊಂಬೆಗೆ ಬರುತ್ತಿದ್ದರಿಂದ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಎಷ್ಟು ಏರಿಸಿದರೂ ಸಾಲುತ್ತಿರಲಿಲ್ಲ. ಬರ್ಸ್ಟ್ ಮೋಡಿನಲ್ಲಿ, ಅಂದರೆ ಒಂದೇ ಒತ್ತಿಗೆ ಸಾಲು ಸಾಲು ಫೋಟೋ ಬರುವಂತೆ ಇಟ್ಟು, ಕಾರ್ಡ್ ತುಂಬುವಷ್ಟು ಹೊಡೆದೆ. ರಾತ್ರಿ ಕಂಪ್ಯೂಟರಿಗೆ ಹಾಕಿ ಆರಿಸಿದೆ. ಒಂದೇ ಒಂದು ಫೋಟೋ ಉಳಿಯಿತು. ಮುಖ ನೇರ ನನ್ನ ಕಡೆಗೆ, ಕಣ್ಣಲ್ಲಿ ಬೆಳಕಿನ ಚುಕ್ಕಿ, ಹಿಂದೆ ಬೆಣ್ಣೆಯಂತೆ ನುಣುಪಾದ ಹಸಿರು. ಹಾಕಿದ ಕಡೆಯೆಲ್ಲ ಜನ ಹೊಗಳಿದರು. ಉಳಿದದ್ದೆಲ್ಲ ಡಿಲೀಟ್.

ತಿಂಗಳುಗಳ ಮೇಲೆ ಹಕ್ಕಿ ಬಲ್ಲವರೊಬ್ಬರು ಆ ಫೋಟೋ ನೋಡಿ, ಹೊಗಳಲೂ ಇಲ್ಲ ತೆಗಳಲೂ ಇಲ್ಲ, ಒಂದೇ ಪ್ರಶ್ನೆ ಕೇಳಿದರು: ‘ಕಾಲು ಯಾವ ಬಣ್ಣ?’

ಕಾಲು ಎಲೆಯ ಹಿಂದೆ ಇತ್ತು.

ಇದು ಯಾಕೆ ಅಷ್ಟು ದೊಡ್ಡ ವಿಷಯ ಅಂತ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಚಳಿಗಾಲದಲ್ಲಿ ದಕ್ಷಿಣಕ್ಕೆ ವಲಸೆ ಬರುವ ನೊಣಹಿಡುಕಗಳಲ್ಲಿ ಎರಡು ತೀರಾ ಹತ್ತಿರ ಹತ್ತಿರ ಕಾಣುತ್ತವೆ. ಒಂದು ಕಂದು ನೊಣಹಿಡುಕ, ಏಷ್ಯನ್ ಬ್ರೌನ್ ಅನ್ನುತ್ತಾರಲ್ಲ, ಅದು. ಇನ್ನೊಂದು ಕಂದು ಎದೆಯ ನೊಣಹಿಡುಕ. ಗಾತ್ರ ಹೆಚ್ಚು ಕಡಿಮೆ ಒಂದೇ, ಬಣ್ಣ ಹೆಚ್ಚು ಕಡಿಮೆ ಒಂದೇ, ಎರಡಕ್ಕೂ ದೊಡ್ಡ ಕಣ್ಣು, ಎರಡಕ್ಕೂ ಆ ಬಿಳಿ ಉಂಗುರ. ಮೊದಲನೆಯದರ ಕಾಲು ಕಪ್ಪು. ಎರಡನೆಯದರ ಕಾಲು ತಿಳಿ ಬಣ್ಣ, ಹಳದಿ ಕಡೆಗೆ ವಾಲಿದ್ದು. ಕೊಕ್ಕಿನ ಕೆಳಭಾಗವೂ ಒಂದು ಸುಳಿವು: ಮೊದಲನೆಯದಕ್ಕೆ ಬುಡದಲ್ಲಿ ಮಾತ್ರ ತಿಳಿ ಬಣ್ಣ, ಎರಡನೆಯದಕ್ಕೆ ಉದ್ದಕ್ಕೂ ಹಳದಿ. ಆದರೆ ನನ್ನ ಹಕ್ಕಿ ನೇರ ಕ್ಯಾಮೆರಾ ನೋಡುತ್ತಿತ್ತಲ್ಲ, ಕೆಳಗಿನ ಕೊಕ್ಕು ನೆರಳಿನಲ್ಲಿ ಮುಚ್ಚಿಹೋಗಿತ್ತು. ಎದೆಯ ಬಣ್ಣ ನೋಡೋಣ ಅಂದರೆ ಸಂಜೆ ಬೆಳಕು, ಅದರ ಮೇಲೆ ನಾನು ಕಂಪ್ಯೂಟರಿನಲ್ಲಿ ಬಣ್ಣ ತಿದ್ದಿದ್ದು ಬೇರೆ. ಫೋಟೋ ಚಂದ ಕಾಣಲಿ ಎಂದು ಮಾಡಿದ ಪ್ರತಿಯೊಂದು ಕೆಲಸವೂ ಗುರುತಿನ ಸುಳಿವನ್ನು ಒಂದೊಂದಾಗಿ ಅಳಿಸಿತ್ತು.

ಕಂದು ಎದೆಯದು ಸ್ವಲ್ಪ ನಾಚಿಕೆಯ ಹಕ್ಕಿ, ಪೊದೆಯ ತಗ್ಗಿನಲ್ಲಿ, ಮಬ್ಬು ಬೆಳಕಿನಲ್ಲಿ ಓಡಾಡುವುದು ಜಾಸ್ತಿ. ನನ್ನ ಹಕ್ಕಿ ಬರುತ್ತಿದ್ದದ್ದೂ ಹಾಗೇ. ಅದರ ಮೇಲಿಂದ ಅದೇ ಇರಬಹುದು ಎನ್ನಬಹುದು, ಅದೇ ಎನ್ನಲಾಗದು.

ಡಿಲೀಟ್ ಆದ ಫೋಟೋಗಳಲ್ಲಿ ಕಾಲು ಇತ್ತು. ಅದು ನನಗೆ ಖಚಿತ. ಹಕ್ಕಿ ಕೊಂಬೆ ಬಿಟ್ಟು ಮೇಲೆದ್ದ ಫ್ರೇಮುಗಳಿದ್ದವು, ತಲೆಯೆಲ್ಲ ಕಲಸಿಹೋಗಿ ಕಾಲು ಮಾತ್ರ ಕೆಳಗೆ ಇಳಿಬಿದ್ದಂಥವು. ಬೆನ್ನು ತಿರುಗಿಸಿ ಕೂತಿದ್ದವೂ ಇದ್ದವು. ಅವನ್ನು ನೋಡಿದ ತಕ್ಷಣ ‘ಥೂ’ ಎಂದು ಅಳಿಸಿದ್ದೆ. ಕಾಲಿನ ಬಣ್ಣ ಏನಿತ್ತು ಎಂದು ಈಗ ಕೇಳಿದರೆ ತಿಳಿ ಬಣ್ಣ ಎಂದೇ ನೆನಪಾಗುತ್ತದೆ. ಆದರೆ ಆ ನೆನಪನ್ನು ನಾನೇ ನಂಬುವುದಿಲ್ಲ. ಪ್ರಶ್ನೆ ಕೇಳುವವರೆಗೆ ಅಂಥ ನೆನಪು ನನಗೆ ಇರಲಿಲ್ಲ. ಕೇಳಿದ ಮೇಲೆ ಹುಟ್ಟಿಕೊಂಡದ್ದು ಅದು.

ರಿಕವರಿ ಸಾಫ್ಟ್‌ವೇರ್ ಹಾಕಿ ನೋಡಲಿಲ್ಲವಾ ಎಂದು ಕೇಳುತ್ತೀರಿ. ನೋಡಿದೆ. ಕಾರ್ಡಿನಿಂದ ಫೈಲ್ ಅಳಿಸಿದರೆ ಅದು ಕೂಡಲೇ ಹೋಗುವುದಿಲ್ಲ, ಅದೇ ಜಾಗದಲ್ಲಿ ಹೊಸದು ಬರೆಯುವವರೆಗೆ ಸಾಮಾನ್ಯವಾಗಿ ಅಲ್ಲೇ ಇರುತ್ತದೆ. ನಾನು ಅದೇ ಕಾರ್ಡಿನಲ್ಲಿ ಆ ಬೇಸಿಗೆಯೆಲ್ಲ ಅಳಿಲು, ಮೈನಾ, ಕಾಗೆ ಅಂತ ಹೊಡೆದು ತುಂಬಿಸಿದ್ದೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಕಥೆ. ಮರುವರ್ಷ ಹಕ್ಕಿ ಬರಲಿಲ್ಲ, ಅದರ ಮರುವರ್ಷವೂ ಬರಲಿಲ್ಲ. ನನ್ನ ಪಟ್ಟಿಯಲ್ಲಿ ಅದು ಈಗಲೂ ‘ನೊಣಹಿಡುಕ, ಯಾವುದೆಂದು ಗೊತ್ತಿಲ್ಲ’ ಎಂದೇ ಇದೆ.

ಒಂದು ಹಕ್ಕಿಗೆ ಇಷ್ಟೊಂದು ಯಾಕೆ ಅಂತೀರಾ? ಒಂದೇ ಹಕ್ಕಿಯಾಗಿದ್ದರೆ ನಾನೂ ಮರೆಯುತ್ತಿದ್ದೆ. ಆ ಪ್ರಶ್ನೆ ಬಂದ ಮೇಲೆ ನನ್ನ ಇಡೀ ಆಲ್ಬಂ ತೆಗೆದು ಹೊಸದಾಗಿ ನೋಡಿದೆ. ಮಡಿವಾಳ ಹಕ್ಕಿ ಇತ್ತು, ಎಲ್ಲವೂ ಗಂಡು. ಹೊಳೆಯುವ ಕಪ್ಪು ಬಿಳುಪು ಅದರದ್ದು. ಹೆಣ್ಣು ಬೂದು ಬಣ್ಣ, ಫೋಟೋದಲ್ಲಿ ಮಂಕಾಗಿ ಕಾಣುತ್ತದೆ ಎಂದು ಅಳಿಸಿದ್ದೆ. ಕೋಗಿಲೆ ಇತ್ತು, ಕಪ್ಪು ಮೈ ಕೆಂಪು ಕಣ್ಣಿನ ಗಂಡು. ಕಂದು ಮೈ ಮೇಲೆ ಬಿಳಿ ಚುಕ್ಕಿಯ ಹೆಣ್ಣು ಒಂದೂ ಇರಲಿಲ್ಲ, ಅದು ದಿನಾ ಬರುತ್ತಿದ್ದರೂ. ನೇರಳೆ ಸೂರಕ್ಕಿಯ ಗಂಡು ಮರಿ ಮಾಡುವ ಕಾಲದಲ್ಲಿ ಮಿರಮಿರ ಮಿಂಚುತ್ತದೆ, ಆಮೇಲೆ ಆ ಗರಿ ಉದುರಿ ಹೆಣ್ಣಿನ ಹಾಗೆ ಹಳದಿ ಹೊಟ್ಟೆಯದಾಗುತ್ತದೆ, ಗಂಟಲಿನಿಂದ ಹೊಟ್ಟೆಗೆ ಒಂದು ಕಪ್ಪು ಪಟ್ಟೆ ಮಾತ್ರ ಉಳಿಯುತ್ತದೆ. ಆ ಪಟ್ಟೆಯ ಹಕ್ಕಿಯನ್ನು ನಾನು ಬೇರೆ ಯಾವುದೋ ಜಾತಿ ಎಂದುಕೊಂಡಿದ್ದೆ, ಚೆನ್ನಾಗಿಲ್ಲ ಎಂದು ಅದರ ಫೋಟೋವನ್ನೂ ಇಟ್ಟುಕೊಂಡಿರಲಿಲ್ಲ. ಅಂದರೆ ಅಷ್ಟು ವರ್ಷ ನಾನು ಕಲಿತದ್ದು ಅರ್ಧ ಹಿತ್ತಲನ್ನು. ಹೆಣ್ಣು, ಮರಿ, ಗರಿ ಉದುರಿಸಿಕೊಂಡವು, ಬೆನ್ನು ತೋರಿಸಿದವು, ಇವೆಲ್ಲ ನನ್ನ ಪಾಲಿಗೆ ಇರಲೇ ಇಲ್ಲ.

ಹಾಗಾಗಿ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ‘ಯಾವ ಲೆನ್ಸ್ ತಗೊಂಡರೆ ಮಸುಕು ಹೋಗುತ್ತದೆ’ ಎಂದು ಕೇಳಿದ್ದೀರಿ. ಮಸುಕಾದದ್ದು ಕಸ ಎಂದು ನೀವು ಆಗಲೇ ತೀರ್ಮಾನ ಮಾಡಿಬಿಟ್ಟಿದ್ದೀರಿ. ಅದು ಕಸ ಅಲ್ಲ. ರೆಕ್ಕೆ ಬಿಚ್ಚಿದ ಮಸುಕು ಫೋಟೋದಲ್ಲಿ ರೆಕ್ಕೆಯ ಪಟ್ಟಿ ಕಾಣುತ್ತದೆ. ಹಾರಿಹೋಗುವ ಫೋಟೋದಲ್ಲಿ ಬಾಲದ ಅಂಚಿನ ಬಿಳಿ ಕಾಣುತ್ತದೆ. ಕೂತ ಹಕ್ಕಿ ಇವನ್ನೆಲ್ಲ ಮಡಚಿ ಇಟ್ಟುಕೊಂಡಿರುತ್ತದೆ ಅಲ್ವಾ?

ಈಗ ನಾನು ಮಾಡುವುದು ಇಷ್ಟು. ದಿನಕ್ಕೊಂದು ಫೋಲ್ಡರ್. ಚಂದದ್ದನ್ನು ಆಲ್ಬಂಗೆ ತೆಗೆಯುತ್ತೇನೆ. ಉಳಿದದ್ದರಲ್ಲಿ ಮುಂದಿನಿಂದ, ಹಿಂದಿನಿಂದ, ಬಾಲದ ಕೆಳಗಿನಿಂದ, ಕಾಲು ಕಾಣುವಂಥದ್ದು, ರೆಕ್ಕೆ ಬಿಚ್ಚಿದ್ದು, ಹೀಗೆ ಒಂದೊಂದು ಬಗೆಯದನ್ನು ಸಣ್ಣ ಜೆಪೆಗ್ ಮಾಡಿ ‘ಸಾಕ್ಷಿ’ ಅನ್ನುವ ಇನ್ನೊಂದು ಫೋಲ್ಡರಿಗೆ ಹಾಕುತ್ತೇನೆ. ಜಾಗ ಏನೂ ಹಿಡಿಯುವುದಿಲ್ಲ. ಜೊತೆಗೆ ಎರಡು ಸಾಲು ಬರೆಯುತ್ತೇನೆ: ಎಲ್ಲಿ ಕೂತಿತ್ತು, ನೆಲದ ಮೇಲೋ ಕಾಂಡದ ಮೇಲೋ ಎಲೆಗಳ ನಡುವೆಯೋ, ಬಾಲ ಕುಣಿಸುತ್ತಿತ್ತಾ, ಏನು ತಿನ್ನುತ್ತಿತ್ತು, ಕೂಗಿತಾ. ಹಕ್ಕಿಯೇ ಇಲ್ಲದ ಖಾಲಿ ಕೊಂಬೆಯ ಫೋಟೋ ಬೇಕಾದರೆ ಡಿಲೀಟ್ ಮಾಡಿ, ಅದಕ್ಕೆ ನನ್ನ ಅಡ್ಡಿಯಿಲ್ಲ. ಅಂಥವು ನನ್ನ ಹತ್ತಿರ ರಾಶಿ ಇರುತ್ತವೆ.

ಕ್ಯಾಮೆರಾದ ಗಡಿಯಾರ ಸರಿ ಇದೆಯಾ ನೋಡಿಕೊಳ್ಳಿ. ಬ್ಯಾಟರಿ ಬಹಳ ದಿನ ತೆಗೆದಿಟ್ಟರೆ ಕೆಲವು ಕ್ಯಾಮೆರಾಗಳಲ್ಲಿ ತಾರೀಕು ಹಿಂದಕ್ಕೆ ಹೋಗುತ್ತದೆ. ಚಳಿಗಾಲದ ಹಕ್ಕಿ ನಡು ಬೇಸಿಗೆಯ ತಾರೀಕಿನಲ್ಲಿ ಕೂತರೆ ನಿಮ್ಮ ದಾಖಲೆಯನ್ನು ಯಾರೂ ನಂಬುವುದಿಲ್ಲ, ನಂಬಲೂ ಬಾರದು.

ಈ ಫೋಟೋಗಳನ್ನು ಇಬರ್ಡ್‌ಗೆ ಹಾಕಿ. ಕಂಡ ಹಕ್ಕಿಗಳನ್ನು ಯಾರು ಬೇಕಾದರೂ ದಾಖಲಿಸುವ ಜಾಲತಾಣ ಅದು. 2002ರಿಂದ ಇದೆ, ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಹಕ್ಕಿ ಲ್ಯಾಬ್‌ನವರು ನಡೆಸುತ್ತಾರೆ, ವಿಚಿತ್ರ ಅನಿಸಿದ ದಾಖಲೆಯನ್ನು ಆಯಾ ಪ್ರದೇಶ ಬಲ್ಲ ಸ್ವಯಂಸೇವಕರು ಪರೀಕ್ಷೆ ಮಾಡುತ್ತಾರೆ. ಅಲ್ಲಿ ಫೋಟೋ ಕೆಟ್ಟದಾಗಿದ್ದರೂ ನಡೆಯುತ್ತದೆ, ಗುರುತು ಕಂಡರೆ ಸಾಕು. ಓತಿಕ್ಯಾತ, ಜೇಡ, ಚಿಟ್ಟೆ ಇಂಥವಕ್ಕೆ ಐನ್ಯಾಚುರಲಿಸ್ಟ್ ಎಂಬ ಅಂಥದ್ದೇ ಜಾಲತಾಣ ಒಳ್ಳೆಯದು. ಮರ್ಲಿನ್ ಆ್ಯಪ್ ಕೂಗು ಕೇಳಿ ಹೆಸರು ಹೇಳುತ್ತದೆ, ಬಳಸಿ, ಆದರೆ ಅದು ಹೇಳಿತೆಂದು ಬರೆದುಕೊಳ್ಳಬೇಡಿ. ಹಕ್ಕಿಯನ್ನು ಕಣ್ಣಲ್ಲಿ ನೋಡಿ. ಫೆಬ್ರವರಿಯಲ್ಲಿ ನಾಲ್ಕು ದಿನ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್ ನಡೆಯುತ್ತದೆ, ಕನಿಷ್ಠ 15 ನಿಮಿಷ ಕೂತು ಕಂಡದ್ದನ್ನೆಲ್ಲ ಎಣಿಸುವುದು. ಕ್ಯಾಮೆರಾ ಇಲ್ಲದೆ ಒಮ್ಮೆ ಮಾಡಿ ನೋಡಿ. ಕಾಗೆಯನ್ನೂ ಎಣಿಸಬೇಕಾದಾಗ ಎಷ್ಟು ಕಾಗೆಗಳಿವೆ ಎಂದು ಗೊತ್ತಾಗುತ್ತದೆ.

ಸರಿ, ಲೆನ್ಸ್. ಒಂದು ವರ್ಷ ಕೊಳ್ಳಬೇಡಿ. 10 ಮೀಟರ್ ದೂರದ ಹಕ್ಕಿ 600 ಎಂಎಂನಲ್ಲಿ ಎಷ್ಟು ದೊಡ್ಡದಾಗಿ ಕಾಣುತ್ತದೋ, 5 ಮೀಟರ್‌ನಲ್ಲಿ ಕೂತ ಹಕ್ಕಿ ನಿಮ್ಮ 300ರಲ್ಲೂ ಅಷ್ಟೇ ಕಾಣುತ್ತದೆ. ಕಾಡಿನಲ್ಲಿ ಆ 5 ಮೀಟರ್ ಹತ್ತಿರ ಹೋಗುವುದು ಕಷ್ಟ. ಹಿತ್ತಲಿನಲ್ಲಿ ಸುಲಭ, ಯಾಕೆಂದರೆ ನೀವು ಹೋಗಬೇಕಿಲ್ಲ, ಅವೇ ಬರುತ್ತವೆ. ದಿನಾ ಒಂದೇ ಜಾಗ, ಒಂದೇ ಹೊತ್ತು, ಕೈಕಾಲು ಆಡಿಸದೆ ಕೂತರೆ ಕೆಲವು ದಿನಕ್ಕೆ ನೀವು ಲೆಕ್ಕಕ್ಕೇ ಇಲ್ಲ ಅನ್ನುವ ಹಾಗೆ ಓಡಾಡುತ್ತವೆ. ಅಗಲ ಬಾಯಿಯ, ಆಳ ಕಡಿಮೆ ಇರುವ ತಟ್ಟೆಯಲ್ಲಿ ನೀರಿಡಿ, ದಿನಾ ಬದಲಿಸಿ, ಬೆಕ್ಕು ಹೊಂಚು ಹಾಕಲು ಆಗದಂಥ ಜಾಗ ನೋಡಿ. ದೊಡ್ಡ ಜೂಮ್‌ಗಳ ಇನ್ನೊಂದು ತಾಪತ್ರಯ ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ: ಎರಡು ಮೂರು ಮೀಟರ್‌ಗಿಂತ ಹತ್ತಿರ ಬಂದರೆ ಬಹಳಷ್ಟು ಫೋಕಸ್ಸೇ ಆಗುವುದಿಲ್ಲ. ಸೂರಕ್ಕಿ ಕಿಟಕಿ ಮುಂದಿನ ಹೂವಿಗೆ ಬಂದಾಗ ನಾನು ಲೆನ್ಸ್ ಎತ್ತಿಕೊಂಡು ಹಿಂದಕ್ಕೆ ಹಿಂದಕ್ಕೆ ಹೋಗಿ ಗೋಡೆಗೆ ತಾಗಿದ್ದೇನೆ.

ನಿಮ್ಮ ಮಸುಕಿಗೆ ಕಾರಣ ಬಹುಶಃ ಶಟರ್ ಸ್ಪೀಡ್, ಅಂದರೆ ಶಟರ್ ತೆರೆದಿರುವ ಹೊತ್ತು. ಕುಪ್ಪಳಿಸುವ ಹಕ್ಕಿಗೆ 1/800 ಸೆಕೆಂಡಿಗಿಂತ ನಿಧಾನಕ್ಕೆ ಇಳಿಯಬೇಡಿ, ಹಾರುವುದಕ್ಕೆ 1/2000. ಐಎಸ್‌ಒ ಆಟೋಗೆ ಬಿಡಿ. ಕಾಳು ಕಾಳು ಬಂದರೆ ಬರಲಿ, ಕಾಳು ಬಿದ್ದ ಫೋಟೋದಲ್ಲಿ ಕಾಲಿನ ಬಣ್ಣ ಕಾಣುತ್ತದೆ, ಕಲಸಿದ ಫೋಟೋದಲ್ಲಿ ಕಂಡರೆ ಅದೃಷ್ಟ. ಒಂದೇ ಫೋಕಸ್ ಪಾಯಿಂಟ್ ಇಟ್ಟು ಕಣ್ಣಿಗೆ ಹಿಡಿಯಿರಿ. ಆಕಾಶದ ಎದುರು ಕೂತ ಹಕ್ಕಿ ಕಪ್ಪಾಗಿ ಬಂದರೆ ಎಕ್ಸ್‌ಪೋಷರ್ ಒಂದು ಸ್ಟಾಪ್ (ಬೆಳಕು ಎರಡು ಪಟ್ಟು) ಏರಿಸಿ. ಕಿಟಕಿ ಗಾಜಿನ ಮೂಲಕ ತೆಗೆಯುವುದಾದರೆ ಕೋಣೆಯ ದೀಪ ಆರಿಸಿ, ಲೆನ್ಸನ್ನು ಗಾಜಿಗೆ ಹತ್ತಿರ ಹಿಡಿಯಿರಿ. ಇಷ್ಟು ಮಾಡಿಯೂ ಸಾಲದು ಅನಿಸಿದರೆ ಆ ದುಡ್ಡಿನ ಒಂದು ಭಾಗದಲ್ಲಿ 8x42 ದುರ್ಬೀನು (ಎಂಟು ಪಟ್ಟು ದೊಡ್ಡದಾಗಿ ತೋರಿಸುವ, ಮುಂದಿನ ಗಾಜು 42 ಎಂಎಂ ಅಗಲದ್ದು) ಕೊಳ್ಳಿ. ಹಕ್ಕಿ ಕಲಿಸುವ ವಿಷಯದಲ್ಲಿ ನನ್ನ ಲೆನ್ಸಿಗಿಂತ ನನ್ನ ದುರ್ಬೀನೇ ಜಾಸ್ತಿ ಕೆಲಸ ಮಾಡಿದೆ.

ಕೂಗಿನ ರೆಕಾರ್ಡಿಂಗ್ ಹಾಕಿ ಹಕ್ಕಿಯನ್ನು ಕರೆಸುವ ಸಲಹೆಯನ್ನು ಇಲ್ಲೇ ಒಬ್ಬರು ಕೊಟ್ಟಿದ್ದಾರೆ. ದಯವಿಟ್ಟು ಬೇಡ. ಅದು ತನ್ನ ಜಾಗಕ್ಕೆ ಎದುರಾಳಿ ನುಗ್ಗಿದ ಎಂದುಕೊಂಡು ಬರುತ್ತದೆ, ತಿನ್ನುವುದು, ಮರಿ ನೋಡುವುದು ಬಿಟ್ಟು ಇಲ್ಲದ ಶತ್ರುವನ್ನು ಹುಡುಕುತ್ತದೆ. ಗೂಡಿನ ಹತ್ತಿರವೂ ಹೋಗಬೇಡಿ, ಅಡ್ಡ ಬಂದ ಎಲೆ ಸರಿಸಬೇಡಿ. ಆ ಎಲೆಯೇ ಮರಿಗಳಿಗೆ ಬಿಸಿಲು ತಡೆಯುವುದು, ಕಾಗೆಯ ಕಣ್ಣು ತಪ್ಪಿಸುವುದು.

ಕೊನೆಯಲ್ಲಿ ಟ್ರೈಪಾಡ್ ಬೇಕಾ ಎಂದೂ ಕೇಳಿದ್ದೀರಿ. 300ಕ್ಕೆ ಬೇಡ. ಮೊಣಕೈಯನ್ನು ಕಿಟಕಿಯ ಅಂಚಿಗೋ ಕುರ್ಚಿಯ ಕೈಗೋ ಊರಿ, ಸಾಕು. ಮತ್ತೆ ನಿಮ್ಮ ರೀಸೈಕಲ್ ಬಿನ್ ಇನ್ನೂ ಖಾಲಿ ಮಾಡಿಲ್ಲದಿದ್ದರೆ ಇವತ್ತೇ ತೆರೆದು ನೋಡಿ. ಕಾರ್ಡಿಗೆ ಹೊಸದೇನೂ ಬರೆಯುವ ಮೊದಲು ರಿಕವರಿಯನ್ನೂ ಒಮ್ಮೆ ಓಡಿಸಿ. ಸಿಕ್ಕಿದ್ದರಲ್ಲಿ ಗುರುತು ಸಿಗದವುಗಳನ್ನು ಇಲ್ಲಿ ಹಾಕಿ, ಬಣ್ಣ ತಿದ್ದದೆ, ಮಸುಕಿದ್ದರೂ ಪರವಾಗಿಲ್ಲ.