ಅರ್ಧಕ್ಕೆ ನಿಂತ ಆಟ ಮುಗಿಸುವುದು ಹೇಗೆ? ಓದುಗರ ಪ್ರಶ್ನೆ, ನಮ್ಮ ಉತ್ತರ

ಕನ್ಸೋಲ್‌ನಲ್ಲಿ ಇಷ್ಟಪಟ್ಟು ಶುರು ಮಾಡಿದ ಆರ್‌ಪಿಜಿಯನ್ನು (ಕಥೆಯೊಳಗಿನ ಪಾತ್ರವಾಗಿ ಆಡುವ ಆಟವನ್ನು) ಕೊನೆ ಮುಟ್ಟಿಸಲು ನಿಮಗೆ ಅಡ್ಡ ಬಂದದ್ದೇನು ಎಂದು ಕೇಳಿದ್ದೆವು. ಬಳ್ಳಾರಿ, ರಾಯಚೂರು, ಕೊಪ್ಪಳ ಕಡೆಯಿಂದ ಬಂದ ಪತ್ರಗಳಲ್ಲಿ ಕೆಲವನ್ನು ಇಲ್ಲಿ ಆಯ್ದುಕೊಂಡಿದ್ದೇವೆ. ಬಹುತೇಕರು ‘ನನಗೆ ಆಡಲು ಬರಲ್ಲ’ ಎಂದೇ ಬರೆದಿದ್ದಾರೆ. ಪತ್ರ ಓದಿದರೆ ಕಾರಣ ಬೇರೆಯೇ ಇದೆ: ಒಂದೋ ಕಥೆಯ ಎಳೆ ತಪ್ಪಿದೆ, ಇಲ್ಲವೇ ಸೇವ್, ಅಂದರೆ ಅಲ್ಲಿಯವರೆಗಿನ ಆಟ ಉಳಿಸಿಟ್ಟ ಫೈಲ್, ಹೋಗಿದೆ. ಎರಡಕ್ಕೂ ಉಪಾಯ ಇದೆ.

ಪ್ರಶ್ನೆ: ‘ದಿ ವಿಚರ್ 3’ ಆಡ್ತಿದ್ದೆ. ಭತ್ತದ ಕಟಾವು ಬಂತು, ಬಿಟ್ಟೆ. ಈಗ ತೆಗೆದರೆ ಯಾವ ಬಟನ್ ಯಾವುದಕ್ಕೆ ಅನ್ನೋದೇ ನೆನಪಿಲ್ಲ. ಮೊದಲಿಂದ ಶುರು ಮಾಡಲೇ? (ಸಿಂಧನೂರಿನ ಓದುಗರು)

ಮಾಡಬೇಡಿ. ಮೊದಲಿಂದ ಶುರು ಮಾಡಿದವರು ಆಗಲೇ ನೋಡಿದ ಕಥೆಯನ್ನೇ ಮತ್ತೆ ದಾಟಬೇಕು. ಹಿಂದೆ ನಿಂತಿದ್ದ ಜಾಗಕ್ಕೆ ಬರುವಷ್ಟರಲ್ಲಿ ಉಮೇದು ಇಳಿದಿರುತ್ತದೆ.

ಹಳೆಯ ಸೇವ್ ತೆರೆದ ತಕ್ಷಣ ಹೊಸ ಸ್ಲಾಟ್‌ನಲ್ಲಿ ಇನ್ನೊಂದು ಸೇವ್ ಮಾಡಿ, ಹಳೆಯದನ್ನು ಮುಟ್ಟಬೇಡಿ. ಮುಖ್ಯ ಕ್ವೆಸ್ಟ್ (ಆಟ ಕೊಡುವ ಕಥೆಯ ಕೆಲಸ) ಕಡೆ ಅಂದು ಹೋಗಲೇಬೇಡಿ. ಊರಿನ ನೋಟಿಸ್ ಬೋರ್ಡ್‌ನಿಂದ ನಿಮ್ಮ ಲೆವೆಲ್‌ಗಿಂತ ಕೆಳಗಿನ ಒಂದು ಕಾಂಟ್ರಾಕ್ಟ್ (ರಾಕ್ಷಸ ಬೇಟೆಯ ಕೆಲಸ) ತೆಗೆದುಕೊಳ್ಳಿ, ಅಥವಾ ನೀರಿನ ದಡದಲ್ಲಿ ಡ್ರೌನರ್ ಎಂಬ ನೀರಿನ ಪಿಶಾಚಿಗಳ ಜೊತೆ ಕಾದಾಡಿ. ಪ್ಲೇಸ್ಟೇಷನ್‌ನಲ್ಲಿ ಚೌಕ ಬಟನ್ ವೇಗದ ಏಟಿಗೆ, ತ್ರಿಕೋನ ಬಲವಾದ ಏಟಿಗೆ, ವೃತ್ತ ಪಕ್ಕಕ್ಕೆ ಸರಿಯಲು, ಎಕ್ಸ್ ಉರುಳಲು, ಆರ್2 ಮಂತ್ರಕ್ಕೆ. ಎಲ್1 ಹಿಡಿದು ಮಂತ್ರ ಬದಲಿಸಿ. ಮೊದಲು ‘ಕ್ವೆನ್’ ಮಂತ್ರ ಹಾಕಿ ರಕ್ಷಣೆ ಪಡೆದು, ವೃತ್ತದಿಂದ ಸರಿದು, ಚೌಕದಿಂದ ಎರಡು ಏಟು ಕೊಟ್ಟು ಹಿಂದೆ ಬನ್ನಿ. ಇಷ್ಟು ಕೈಗೆ ಕೂತರೆ ಉಳಿದದ್ದು ತಾನಾಗಿ ಬರುತ್ತದೆ. ಮರೆತು ಬಂದವರು ಹೆಚ್ಚಾಗಿ ಸಾಯುವುದು ಉರುಳುವುದನ್ನೇ ನಂಬಿಕೊಂಡು. ಉರುಳಿದರೆ ದೂರ ಹೋಗುತ್ತೀರಿ, ತಿರುಗಿ ಹೊಡೆಯುವ ಹೊತ್ತು ತಪ್ಪುತ್ತದೆ.

ಮದ್ದುಗಳು ಖಾಲಿಯಾಗಿದ್ದರೆ ಗಾಬರಿ ಬೇಡ. ಚೀಲದಲ್ಲಿ ಗಟ್ಟಿ ಮದ್ಯ ಒಂದು ಬಾಟಲಿ ಇದ್ದು ಧ್ಯಾನಕ್ಕೆ ಕೂತರೆ, ಒಮ್ಮೆ ತಯಾರಿಸಿದ ಎಲ್ಲ ಮದ್ದೂ ಮತ್ತೆ ತುಂಬುತ್ತವೆ. ಕಥೆ ನೆನಪಿಗೆ ಜರ್ನಲ್‌ನ ಕ್ವೆಸ್ಟ್ ಪುಟವನ್ನೂ ಪಾತ್ರಗಳ ಪುಟವನ್ನೂ ಓದಿ. ಅಲ್ಲಿನ ಬರವಣಿಗೆ ಚೆನ್ನಾಗಿದೆ, ಬರೀ ಸಾರಾಂಶವಲ್ಲ. ಕಷ್ಟ ಎನಿಸಿದರೆ ಡಿಫಿಕಲ್ಟಿ ಇಳಿಸಿ, ಯಾವಾಗ ಬೇಕಾದರೂ ಏರಿಸಬಹುದು.

ಒಂದೇ ಒಂದು ಗಡಿ ನೆನಪಿಡಿ. ಮಂಜಿನ ದ್ವೀಪಕ್ಕೆ, ಅಂದರೆ ‘ಐಲ್ ಆಫ್ ಮಿಸ್ಟ್ಸ್’ಗೆ ಹೊರಡುವ ಮುಂಚೆ ಬೇರೆ ಸೇವ್ ಇಡಿ. ನೊವಿಗ್ರಾಡ್‌ನ ಗೆಳೆಯರ ಕೆಲವು ಕ್ವೆಸ್ಟ್‌ಗಳನ್ನು ಅಷ್ಟರೊಳಗೆ ಮುಗಿಸದಿದ್ದರೆ ಅವು ಕೈತಪ್ಪುತ್ತವೆ. ಇನ್ನು ಮುಂದೆ ಆಟ ನಿಲ್ಲಿಸುವ ಮುಂಚೆ ನೋಟ್‌ಬುಕ್ಕಿನಲ್ಲಿ ಮೂರು ಸಾಲು ಬರೆದಿಡಿ: ಎಲ್ಲಿದ್ದೇನೆ, ಯಾರಿಗಾಗಿ ಹೊರಟಿದ್ದೇನೆ, ಮುಂದೇನು. ಮುಂದಿನ ಸುಗ್ಗಿ ಕಳೆದ ಮೇಲೆ ಅದೇ ನಿಮ್ಮನ್ನು ಆಟಕ್ಕೆ ಮರಳಿ ಕರೆತರುತ್ತದೆ.

ಪ್ರಶ್ನೆ: ಕರೆಂಟ್ ಹೋಗಿ ಬಂದ ಮೇಲೆ ಸೇವ್ ಕರಪ್ಟ್ ಆಗೈತೆ ಅಂತ ತೋರಿಸ್ತೈತೆ. ಪಿಎಸ್4. ಮನೇಲಿ ಇನ್ವರ್ಟರ್ ಇದ್ರೂ ಹಿಂಗಾಯ್ತು. ವಾಪಸ್ ಬರ್ತದಾ? (ಬಳ್ಳಾರಿಯ ಓದುಗರು)

ಆ ಫೈಲ್ ಬರುವುದಿಲ್ಲ. ಡೇಟಾಬೇಸ್ ರೀಬಿಲ್ಡ್ ಮಾಡಿ ಎಂದು ಹೇಳುವವರಿದ್ದಾರೆ. ಕನ್ಸೋಲ್ ನಿಧಾನವಾಗಿದ್ದರೆ, ಆಟಗಳ ಐಕಾನ್ ಕಾಣೆಯಾಗಿದ್ದರೆ ಅದು ಉಪಯೋಗ. ಕೆಟ್ಟ ಸೇವ್ ಅದರಿಂದ ಸರಿಯಾಗದು. ಮಾಡುವುದಾದರೆ ಕನ್ಸೋಲ್ ಪೂರ್ತಿ ಆಫ್ ಮಾಡಿ, ಪವರ್ ಬಟನ್ ಒತ್ತಿ ಹಿಡಿದು ಎರಡನೇ ಬೀಪ್ ಬಂದಾಗ ಬಿಡಿ, ಕಂಟ್ರೋಲರನ್ನು ಕೇಬಲ್‌ನಿಂದ ಜೋಡಿಸಿ, 5ನೇ ಆಯ್ಕೆ ಒತ್ತಿ. ಕೈತಪ್ಪಿ 6 ಅಥವಾ 7 ಒತ್ತಿದರೆ ಎಲ್ಲವೂ ಅಳಿಸಿಹೋಗುತ್ತದೆ.

ಇನ್ವರ್ಟರ್ ಇದ್ದೂ ಹೀಗಾಗಲು ಸಾಮಾನ್ಯ ಕಾರಣ ಅದರ ಹಿಂದಿನ ಒಂದು ಸ್ವಿಚ್. ಬಹಳಷ್ಟು ಇನ್ವರ್ಟರ್‌ಗಳಲ್ಲಿ ‘ಯುಪಿಎಸ್’ ಮತ್ತು ‘ಎಕೋ’ ಎಂಬ ಎರಡು ಮೋಡ್ ಇರುತ್ತವೆ. ಎಕೋದಲ್ಲಿ ಲೈನ್‌ನಿಂದ ಬ್ಯಾಟರಿಗೆ ಬದಲಾಗಲು ಹೆಚ್ಚು ಹೊತ್ತು ಹಿಡಿಯುತ್ತದೆ. ಫ್ಯಾನು, ದೀಪಕ್ಕೆ ಅದು ಗೊತ್ತೇ ಆಗದು, ಕನ್ಸೋಲ್ ಮಾತ್ರ ಆರಿಹೋಗುತ್ತದೆ. ಸ್ವಿಚ್ ಯುಪಿಎಸ್ ಕಡೆ ಇಡಿ, ಕನ್ಸೋಲ್ ಮತ್ತು ಟಿವಿ ಎರಡೂ ಇನ್ವರ್ಟರ್ ಲೈನ್‌ನ ಪ್ಲಗ್‌ನಲ್ಲೇ ಇರಲಿ. ಸೈನ್ ವೇವ್ ಇನ್ವರ್ಟರ್ ಆದರೆ ಒಳ್ಳೆಯದು. ಇನ್ವರ್ಟರ್ ಇಲ್ಲದವರಿಗೆ ಕಂಪ್ಯೂಟರ್ ಅಂಗಡಿಯಲ್ಲಿ ಸಿಗುವ 600 ವಿಎ ಯುಪಿಎಸ್, ಪಿಎಸ್4 ಮತ್ತು 32 ಇಂಚಿನ ಟಿವಿಗೆ ಸೇವ್ ಮಾಡಿ ಆಫ್ ಮಾಡುವಷ್ಟು ಸಮಯ ಕೊಡುತ್ತದೆ. ಅದಕ್ಕಿಂತ ಹೆಚ್ಚು ಅದರಿಂದ ನಿರೀಕ್ಷಿಸಬೇಡಿ.

ಸೇವ್ ಕೆಡುವುದು ಬರೆಯುತ್ತಿರುವ ಆ ಕ್ಷಣದಲ್ಲಿ ಕರೆಂಟ್ ಹೋದರೆ. ಹಾಗಾಗಿ ಒಂದೇ ಸ್ಲಾಟ್ ಮೇಲೆ ಬರೆಯುತ್ತಾ ಹೋಗಬೇಡಿ, ಮೂರು ಸ್ಲಾಟ್ ಸರದಿಯಲ್ಲಿ ಬಳಸಿ. ವಾರಕ್ಕೊಮ್ಮೆ ಸೆಟ್ಟಿಂಗ್ಸ್‌ನ ಸೇವ್ಡ್ ಡೇಟಾ ಮ್ಯಾನೇಜ್‌ಮೆಂಟ್‌ಗೆ ಹೋಗಿ ಪೆನ್‌ಡ್ರೈವ್‌ಗೆ ಕಾಪಿ ಮಾಡಿ. ಪೆನ್‌ಡ್ರೈವ್ ಫ್ಯಾಟ್32 ಅಥವಾ ಎಕ್ಸ್‌ಫ್ಯಾಟ್ ಆಗಿರಬೇಕು. ರೆಸ್ಟ್ ಮೋಡ್‌ನಲ್ಲಿ ಆಟ ನಿಲ್ಲಿಸಿ ಮಲಗುವ ಅಭ್ಯಾಸ ನಮ್ಮ ಕಡೆ ಬೇಡವೇ ಬೇಡ. ರಾತ್ರಿ ಕರೆಂಟ್ ಹೋದರೆ ಸೇವ್ ಮಾಡದ್ದೆಲ್ಲ ಹೋಯಿತು. ಪಿಎಸ್5 ಇರುವವರು ಗಮನಿಸಿ: ಪಿಎಸ್5 ಆಟಗಳ ಸೇವ್ ಹೀಗೆ ಒಂದೊಂದಾಗಿ ಪೆನ್‌ಡ್ರೈವ್‌ಗೆ ಹೋಗುವುದಿಲ್ಲ, ಅದಕ್ಕೆ ಪ್ಲೇಸ್ಟೇಷನ್ ಪ್ಲಸ್ ಚಂದಾದ ಕ್ಲೌಡ್ ಬೇಕು.

ಪ್ರಶ್ನೆ: ‘ಫೈನಲ್ ಫ್ಯಾಂಟಸಿ 10’ರಲ್ಲಿ ಯುನಲೆಸ್ಕಾ ಅನ್ನೋ ದೊಡ್ಡ ಶತ್ರು ಮೂರನೇ ರೂಪಕ್ಕೆ ಬಂದ ಕೂಡಲೇ ನನ್ನ ಮೂವರನ್ನೂ ಒಂದೇ ಸಲ ಕೊಲ್ತಾಳೆ. ಲೆವೆಲ್ ಎಷ್ಟು ಏರಿಸಬೇಕು? (ಕೊಪ್ಪಳದ ಓದುಗರು)

ಲೆವೆಲ್‌ನಿಂದ ಇದು ಬಗೆಹರಿಯುವುದಿಲ್ಲ. 2001ರ ಈ ಆಟದಲ್ಲಿ ಎಷ್ಟೋ ಜನ ಕೈಬಿಟ್ಟದ್ದು ಇಲ್ಲೇ, ಕಾರಣ ಒಂದು ತಪ್ಪು ತಿಳುವಳಿಕೆ. ಅವಳ ಮೂರು ರೂಪಗಳಿಗೆ ಕ್ರಮವಾಗಿ 24,000, 48,000, 60,000 ಎಚ್‌ಪಿ (ಪ್ರಾಣಬಲ). ಎರಡನೇ ರೂಪದಲ್ಲಿ ‘ಹೆಲ್‌ಬೈಟರ್’ ಹಾಕಿ ಎಲ್ಲರನ್ನೂ ಝೋಂಬಿ ಮಾಡುತ್ತಾಳೆ. ಝೋಂಬಿ ಆದವರಿಗೆ ಗುಣಪಡಿಸುವ ಕ್ಯೂರ್ ಮಂತ್ರ ಹಾಕಿದರೆ ಪೆಟ್ಟಾಗುತ್ತದೆ, ಹಾಗಾಗಿ ಎಲ್ಲರೂ ಓಡಿ ಝೋಂಬಿತನ ಬಿಡಿಸುವ ಹೋಲಿ ವಾಟರ್ ಸುರಿಯುತ್ತಾರೆ. ಅಲ್ಲೇ ಎಡವುವುದು. ಮೂರನೇ ರೂಪದ ‘ಮೆಗಾ ಡೆತ್’ ಝೋಂಬಿ ಅಲ್ಲದವರನ್ನು ಮಾತ್ರ ಕೊಲ್ಲುತ್ತದೆ.

ಎರಡನೇ ರೂಪ ಸಾಯುವ ಹೊತ್ತಿಗೆ ಇಬ್ಬರನ್ನು ಝೋಂಬಿಯಾಗಿಯೇ ಬಿಡಿ, ಒಬ್ಬರನ್ನು ಮಾತ್ರ ಶುದ್ಧ ಮಾಡಿ. ಮೆಗಾ ಡೆತ್‌ಗೆ ಆ ಒಬ್ಬರು ಸತ್ತರೆ ಫೀನಿಕ್ಸ್ ಡೌನ್‌ನಿಂದ ಎಬ್ಬಿಸಿ. ಝೋಂಬಿ ಆಗಿರುವವರ ಮೇಲೆ ಫೀನಿಕ್ಸ್ ಡೌನ್ ಬಳಸಬೇಡಿ, ಅದು ಅವರನ್ನು ಕೊಲ್ಲುತ್ತದೆ. ಝೋಂಬಿ ತಡೆಯುವ ರಕ್ಷಾಕವಚ ತೊಟ್ಟಿದ್ದರೆ ತೆಗೆದಿಡಿ. ಇದಕ್ಕೂ ಮುಂಚೆ ಗಗಜೆಟ್ ಬೆಟ್ಟದ ಮೇಲೆ ಸೀಮೋರ್ ವಿರುದ್ಧ ನೆರವಾದದ್ದೇ ಇಲ್ಲಿ ಕುತ್ತು. ಓವರ್‌ಡ್ರೈವ್ (ವಿಶೇಷ ದಾಳಿ) ತುಂಬಿದ ಎಯಾನ್‌ಗಳನ್ನು, ಅಂದರೆ ನೆರವಿಗೆ ಕರೆಸುವ ಜೀವಿಗಳನ್ನು, ಮೂರನೇ ರೂಪಕ್ಕೆ ಉಳಿಸಿಕೊಳ್ಳಿ. ಮೊದಲ ರೂಪದಲ್ಲಿ ಕತ್ತಿ ಬೀಸಿದವರನ್ನು ಕುರುಡಾಗಿಸುತ್ತಾಳೆ, ಮಂತ್ರ ಹಾಕಿದವರ ಬಾಯಿ ಕಟ್ಟುತ್ತಾಳೆ. ಇವಕ್ಕೆ ಮದ್ದಾದ ಐ ಡ್ರಾಪ್ಸ್, ಎಕೋ ಸ್ಕ್ರೀನ್ ತುಂಬಿಟ್ಟುಕೊಂಡು ಹೋಗಿ.

ಈ ಕಾದಾಟ ಇಷ್ಟು ಕಟುವಾಗಿರುವುದು ಸರಿಯೇ ಇದೆ. ಆ ಹೊತ್ತಿಗೆ ಕಥೆ ಕೇಳುವ ಪ್ರಶ್ನೆಯೂ ಅಷ್ಟೇ ಕಟು. ವಿಡಿಯೋ ನೋಡಿ ಮುಂದಕ್ಕೆ ಹೋಗದೆ ನೀವೇ ಗೆಲ್ಲಿ.

ಪ್ರಶ್ನೆ: ಏಪ್ರಿಲ್ ಬಂದ್ರೆ ಪಿಎಸ್4 ಫ್ಯಾನ್ ಹಿಟ್ಟಿನ ಗಿರಣಿ ಥರ ಸದ್ದು ಮಾಡ್ತದ, ಆಮ್ಯಾಲ ಆಫ್ ಆಗ್ತದ. (ರಾಯಚೂರಿನ ಓದುಗರು)

ತಯಾರಕರು ಹೇಳಿರುವ ಮಿತಿ 35 ಡಿಗ್ರಿ. ನಮ್ಮಲ್ಲಿ ಬೇಸಿಗೆ ಮಧ್ಯಾಹ್ನ 40 ದಾಟುತ್ತದೆ. ಆಟ ಬೆಳಗಿನ ಜಾವಕ್ಕೋ ರಾತ್ರಿಗೋ ಇಟ್ಟುಕೊಳ್ಳಿ, ಶೋಕೇಸ್‌ನಿಂದ ಹೊರಗೆ ತೆಗೆದು ಗೋಡೆಯಿಂದ ಕನಿಷ್ಠ 10 ಸೆಂ.ಮೀ. ದೂರ ಇಡಿ. ಪ್ಲಗ್ ತೆಗೆದು ಜಾಲರಿಯ ದೂಳನ್ನು ಬ್ರಷ್‌ನಿಂದ ತೆಗೆಯಿರಿ. ಬ್ಲೋವರ್ ಹಿಡಿದರೆ ಫ್ಯಾನ್ ತಿರುಗದಂತೆ ತಡೆಯಬೇಕು, ಇಲ್ಲವಾದರೆ ಬೇರಿಂಗ್ ಹಾಳು. ಆದರೂ ಸದ್ದು ನಿಲ್ಲದಿದ್ದರೆ ಒಳಗಿನ ಥರ್ಮಲ್ ಪೇಸ್ಟ್ (ಚಿಪ್‌ನ ಬಿಸಿ ಸಾಗಿಸುವ ಲೇಪ) ಒಣಗಿರಬಹುದು. ತಿಳಿದವರ ಕೈಲಿ ಬದಲಿಸಿ. ಪಿಎಸ್5ನಲ್ಲಿ ಪೇಸ್ಟ್ ಇಲ್ಲ, ದ್ರವ ಲೋಹ ಇದೆ. ಅದನ್ನು ಯಾರಿಗೋ ಬಿಚ್ಚಲು ಕೊಡಬೇಡಿ. ಪಕ್ಕದ ಕವರ್ ತೆಗೆದರೆ ದೂಳು ಸೇರುವ ಎರಡು ರಂಧ್ರ ಕಾಣುತ್ತವೆ, ಅಲ್ಲಿ ವ್ಯಾಕ್ಯೂಮ್ ಹಿಡಿದರೆ ಸಾಕು.

ಪ್ರಶ್ನೆ: ‘ಪರ್ಸೋನಾ 5 ರಾಯಲ್’ ಮುಗಿಸಿದೆ. ಜನವರಿಯ ಕಥೆಯೇ ಬರಲಿಲ್ಲ. ನಾನು ಮುಗಿಸಿದ್ದು ಲೆಕ್ಕಕ್ಕಿಲ್ಲವೇ? (ಗಂಗಾವತಿಯ ಓದುಗರು)

ಖಂಡಿತ ಲೆಕ್ಕಕ್ಕಿದೆ. ನೀವು ನೋಡಿದ್ದು 2016ರ ಮೂಲ ಆಟದ ಮುಕ್ತಾಯ. ರಾಯಲ್‌ನಲ್ಲಿ ಸೇರಿಸಿದ ಮೂರನೇ ಸೆಮಿಸ್ಟರ್, ಅಂದರೆ ಆ ಜನವರಿಯ ಕಥೆ, ಪೂರ್ತಿ ಸಿಗಲು ನವೆಂಬರ್ 18ರೊಳಗೆ ಮರುಕಿ ಎಂಬ ಪಾತ್ರದ ಜೊತೆ ಗೆಳೆತನದ 9ನೇ ರ‍್ಯಾಂಕ್, ನವೆಂಬರ್ 24ರೊಳಗೆ ಅಕೆಚಿಯ ಜೊತೆ 8, ಡಿಸೆಂಬರ್ 18ರೊಳಗೆ ಕಸುಮಿಯ ಜೊತೆ 5 ಮುಟ್ಟಬೇಕು. ಹಳೆಯ ಸೇವ್ ಇದ್ದರೆ ಅಕ್ಟೋಬರ್‌ಗೆ ಹಿಂತಿರುಗಿ. ಇಲ್ಲದಿದ್ದರೆ ನ್ಯೂ ಗೇಮ್ ಪ್ಲಸ್ (ಮುಗಿಸಿದ ಸೇವ್‌ನಿಂದಲೇ ಮತ್ತೆ ಮೊದಲಿಂದ ಆಡುವುದು) ಹಿಡಿಯಿರಿ. ದುಡ್ಡು, ಜ್ಞಾನ, ಧೈರ್ಯ ಮುಂತಾದ ಗುಣಗಳ ಮಟ್ಟ ಜೊತೆಗೆ ಬರುತ್ತವೆ, ಓದಲು ಕಳೆಯುತ್ತಿದ್ದ ಸಂಜೆಗಳೆಲ್ಲ ಗೆಳೆಯರಿಗೆ ಉಳಿಯುತ್ತವೆ. ಗೆಳೆತನದ ರ‍್ಯಾಂಕ್ ಮಾತ್ರ ಸೊನ್ನೆಯಿಂದ ಶುರು.

ಕ್ರೆಡಿಟ್ಸ್ (ಕೊನೆಯ ಹೆಸರುಗಳ ಪಟ್ಟಿ) ಬಂದರೂ ಮುಗಿಯದ ಆಟಗಳು ಇನ್ನೂ ಇವೆ. ‘ಡ್ರಾಗನ್ ಕ್ವೆಸ್ಟ್ 11’ರಲ್ಲಿ ಕ್ರೆಡಿಟ್ಸ್ ನಂತರ ಮೂರನೇ ಅಂಕವೇ ಇದೆ. 2017ರ ‘ನಿಯರ್: ಆಟೊಮೇಟಾ’ದಲ್ಲಿ ‘ಎ’ ಎಂಬ ಮೊದಲ ಮುಕ್ತಾಯ ನೋಡಿದ ಮೇಲೆ ಸೇವ್ ಮಾಡಿ ಅದನ್ನೇ ಮತ್ತೆ ತೆರೆಯಬೇಕು, ನಿಜವಾದ ಕಥೆ ಇ ಮುಕ್ತಾಯದವರೆಗೆ ಸಾಗುತ್ತದೆ. ಟ್ರೋಫಿಗಳ (ಆಟದ ಸಾಧನೆಗೆ ಸಿಗುವ ಪದಕಗಳ) ವಿಷಯ ಬೇರೆ. ‘ಫೈನಲ್ ಫ್ಯಾಂಟಸಿ 10’ರಲ್ಲಿ ಸತತ 200 ಸಿಡಿಲು ತಪ್ಪಿಸಿಕೊಂಡರೆ ಲುಲು ಎಂಬ ಪಾತ್ರದ ಆಯುಧಕ್ಕೆ ಬೇಕಾದ ಸಿಗಿಲ್ ಎಂಬ ವಸ್ತು ಸಿಗುತ್ತದೆ. ಅದಿಲ್ಲದೆಯೂ ಕಥೆ ಪೂರ್ಣ, ಬೇಜಾರಾದರೆ ಬಿಟ್ಟುಬಿಡಿ.