1994ಕ್ಕೆ ಮೊದಲೇ ಮದುವೆಯಾಗಿದೆ, ತವರಿನ ಹೊಲದಲ್ಲಿ ಪಾಲಿಲ್ಲವೇ?

ಪ್ರಶ್ನೆ: ಅಜ್ಜನಿಂದ ನಮ್ಮ ಅಪ್ಪನಿಗೆ ಬಂದ ಎಂಟು ಎಕರೆ ಹೊಲ ಇದೆ. ನನ್ನ ಮದುವೆ 1991ರಲ್ಲಿ ಆಯಿತು. ಅಪ್ಪ 1999ರಲ್ಲಿ ತೀರಿಕೊಂಡರು, ಅಮ್ಮನೂ ಈಗಿಲ್ಲ. ಪಹಣಿಯಲ್ಲಿ ಇಬ್ಬರು ಅಣ್ಣಂದಿರ ಹೆಸರಷ್ಟೇ ಇದೆ. ವಾಟ್ನಿ (ಆಸ್ತಿ ಹಂಚಿಕೆ) ಇನ್ನೂ ಆಗಿಲ್ಲ. ಪಾಲು ಕೇಳಿದರೆ, "1994ಕ್ಕೆ ಮೊದಲು ಮದುವೆಯಾದವರಿಗೆ ಇಲ್ಲ, ಕರ್ನಾಟಕದ ಕಾನೂನೇ ಹಾಗಿದೆ" ಅನ್ನುತ್ತಾರೆ. ಈ ಹಕ್ಕು ಕೊಟ್ಟಿದ್ದು ಕೇಂದ್ರ ಸರ್ಕಾರ, 2005ರಲ್ಲಿ ಅಂತ ನಾನು ಓದಿದ್ದೆ. ರಾಜ್ಯಕ್ಕೆ ಇಂಥ ಕಾನೂನು ಮಾಡುವ ಅಧಿಕಾರ ಇದೆಯೇ? ನನಗೆ ಪಾಲು ಸಿಗುತ್ತಾ?
(ಹೆಸರು ಬೇಡ, ಹಾವೇರಿ ಜಿಲ್ಲೆ)

ಉತ್ತರ: ಸಿಗುತ್ತದೆ. ನಿಮ್ಮ ಅಣ್ಣಂದಿರು ಸುಳ್ಳು ಹೇಳುತ್ತಿಲ್ಲ. ಅಂಥ ಒಂದು ಕಾನೂನು ನಮ್ಮಲ್ಲಿ ನಿಜವಾಗಿಯೂ ಇತ್ತು. ಆದರೆ ಅವರು ಅರ್ಧ ಕಥೆಗೇ ನಿಂತಿದ್ದಾರೆ.

ಮೊದಲು ಅಧಿಕಾರದ ಮಾತು. ಮದುವೆ, ವಾರಸಾ ಹಕ್ಕು, ಕೂಡು ಕುಟುಂಬ, ಪಾಲು, ಇವೆಲ್ಲ ಸಂವಿಧಾನದ ಸಮವರ್ತಿ ಪಟ್ಟಿಯಲ್ಲಿವೆ. ಅಂದರೆ ಸಂಸತ್ತೂ ಕಾನೂನು ಮಾಡಬಹುದು, ವಿಧಾನಸಭೆಯೂ ಮಾಡಬಹುದು. ಕೇಂದ್ರದ ಕಾನೂನಿಗೆ ವಿರುದ್ಧವಾಗಿದ್ದರೂ ರಾಷ್ಟ್ರಪತಿಗಳ ಒಪ್ಪಿಗೆ ಸಿಕ್ಕರೆ ಆ ರಾಜ್ಯದಲ್ಲಿ ರಾಜ್ಯದ ಕಾನೂನೇ ನಡೆಯುತ್ತದೆ. ಆದರೆ ಸಂಸತ್ತು ಆಮೇಲೆ ಮತ್ತೊಂದು ಕಾನೂನು ತಂದು ಅದನ್ನು ಬದಲಿಸಬಹುದು. ನಿಮ್ಮ ಪ್ರಶ್ನೆಗೆ ಉತ್ತರ ಇರುವುದು ಇಲ್ಲೇ.

1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ಪಿತ್ರಾರ್ಜಿತ ಆಸ್ತಿಯ ಹಕ್ಕು ಹುಟ್ಟಿನಿಂದಲೇ ಬರುತ್ತಿದ್ದದ್ದು ಗಂಡುಮಕ್ಕಳಿಗೆ ಮಾತ್ರ. ಮಗಳಿಗೆ ಸಿಗುತ್ತಿದ್ದದ್ದು ಅಪ್ಪ ತೀರಿಕೊಂಡ ಮೇಲೆ, ಅಪ್ಪನ ಭಾಗದಲ್ಲಿ ಒಂದು ತುಣುಕು. ಇದನ್ನು ಸರಿಮಾಡಲು ದೆಹಲಿ ಸುಮಾರು ಐವತ್ತು ವರ್ಷ ತೆಗೆದುಕೊಂಡಿತು. ರಾಜ್ಯಗಳು ಅಷ್ಟು ದಿನ ಕಾಯಲಿಲ್ಲ. ಕೇರಳ 1975ರಲ್ಲಿ ಕಾನೂನು ಮಾಡಿ ಹಿಂದೂ ಕೂಡು ಕುಟುಂಬದ ಪದ್ಧತಿಯನ್ನೇ ತೆಗೆದುಹಾಕಿತು. ಆಂಧ್ರ ಬೇರೆ ದಾರಿ ಹಿಡಿಯಿತು. ಎನ್‌.ಟಿ. ರಾಮರಾವ್ ಸರ್ಕಾರದ ಕಾಲದಲ್ಲಿ, 1986ರಲ್ಲಿ, ಮಗಳನ್ನೂ ಮಗನ ಹಾಗೇ ಹುಟ್ಟಿನಿಂದಲೇ ಹಕ್ಕುದಾರಳು ಅಂತ ಮಾಡಿತು. 1989ರಲ್ಲಿ ತಮಿಳುನಾಡು ಅದೇ ದಾರಿಯಲ್ಲಿ ನಡೆಯಿತು. ಹೆಣ್ಣಿಗೆ ಸಮಾನ ಆಸ್ತಿ ಹಕ್ಕು ಬೇಕು ಅಂತ ಪೆರಿಯಾರರ ಸ್ವಾಭಿಮಾನ ಚಳವಳಿ 1929ರ ಚೆಂಗಲ್ಪಟ್ಟು ಸಮ್ಮೇಳನದಲ್ಲೇ ನಿರ್ಣಯ ಮಾಡಿತ್ತು. ಅದು ಕಾನೂನಾಗಲು ಅರವತ್ತು ವರ್ಷ ಬೇಕಾಯಿತು.

ನಮ್ಮ ರಾಜ್ಯದ ಕಾನೂನು ಬಂದದ್ದು 1994ರಲ್ಲಿ, ವೀರಪ್ಪ ಮೊಯಿಲಿ ಮುಖ್ಯಮಂತ್ರಿಯಾಗಿದ್ದಾಗ. ಅದೇ ವರ್ಷ ಮಹಾರಾಷ್ಟ್ರದಲ್ಲೂ ಬಂತು. ಆದರೆ ಈ ನೆಲಕ್ಕೆ ಇದು ಹೊಸ ಯೋಚನೆಯೇನಲ್ಲ. ಮೈಸೂರು ಸಂಸ್ಥಾನ 1933ರಲ್ಲೇ ಹಿಂದೂ ಹೆಣ್ಣುಮಕ್ಕಳ ಹಕ್ಕಿಗಾಗಿ ಕಾನೂನು ಮಾಡಿತ್ತು. ಮನೆ ಪಾಲಾಗುವಾಗ ತಾಯಿ, ವಿಧವೆಯರು, ಮದುವೆಯಾಗದ ಹೆಣ್ಣುಮಕ್ಕಳಿಗೂ ಒಂದು ಪಾಲು ಇಡಬೇಕು ಅಂತ ಅದರಲ್ಲಿತ್ತು. ಗಂಡುಮಕ್ಕಳಷ್ಟಲ್ಲ, ಕಡಿಮೆ. ಆದರೂ ಬ್ರಿಟಿಷ್ ಇಂಡಿಯಾದಲ್ಲಿ ವಿಧವೆಯರಿಗೆ ಸೀಮಿತ ಹಕ್ಕು ಕೊಡುವ ಕಾಯ್ದೆ ಬಂದಿದ್ದು 1937ರಲ್ಲಿ, ಅಂದರೆ ನಾಲ್ಕು ವರ್ಷ ತಡವಾಗಿ! ನಿಮ್ಮ ಹಾವೇರಿ ಕಡೆ ಆಗ ಮುಂಬೈ ಪ್ರಾಂತ್ಯದಲ್ಲಿತ್ತು, ಹಾಗಾಗಿ ಅಲ್ಲಿಯ ಹೆಣ್ಣುಮಕ್ಕಳಿಗೆ ಮೈಸೂರಿನ ಕಾನೂನಿನಿಂದ ಏನೂ ಸಿಗಲಿಲ್ಲ.

ಈಗ ಅಣ್ಣಂದಿರು ಹೇಳುವ ಮಾತಿಗೆ ಬರೋಣ. ಆಂಧ್ರ, ತಮಿಳುನಾಡು, ಕರ್ನಾಟಕ, ಮಹಾರಾಷ್ಟ್ರ, ಈ ನಾಲ್ಕೂ ಕಾನೂನುಗಳಲ್ಲಿ ಒಂದು ದೊಡ್ಡ ಕೊರತೆ ಇತ್ತು. ಕಾನೂನು ಬರುವ ಮೊದಲೇ ಮದುವೆಯಾದ ಮಗಳಿಗೆ ಹಕ್ಕಿಲ್ಲ ಅಂತ ಬರೆದುಬಿಟ್ಟಿದ್ದರು. ಒಂದೇ ಮನೆಯಲ್ಲಿ ಅಕ್ಕನಿಗೆ ಇಲ್ಲ, ತಂಗಿಗೆ ಇದೆ! ಇದು ಅನ್ಯಾಯ ಅಂತ ಈಗಲೂ ನನಗೆ ಅನಿಸುತ್ತದೆ. 2000ದಲ್ಲಿ ಕಾನೂನು ಆಯೋಗ ತನ್ನ 174ನೇ ವರದಿಯಲ್ಲಿ ಈ ರಾಜ್ಯಗಳ ಕಾನೂನುಗಳನ್ನೆಲ್ಲ ಮುಂದಿಟ್ಟುಕೊಂಡು ನೋಡಿತು. ಸಂಸತ್ತು 2005ರಲ್ಲಿ ಮಾಡಿದ ತಿದ್ದುಪಡಿಯಲ್ಲಿ ಆಂಧ್ರದ ದಾರಿಯನ್ನೇ ಹಿಡಿಯಿತು, ಆದರೆ ಮದುವೆಯ ಷರತ್ತನ್ನು ಕೈಬಿಟ್ಟಿತು. ಅದು ಜಾರಿಯಾದದ್ದು 2005ರ ಸೆಪ್ಟೆಂಬರ್ 9ರಂದು. ನಂತರ ಬಂದ ಕೇಂದ್ರದ ಕಾನೂನು ಇದ್ದಾಗ ರಾಜ್ಯದ ಹಳೆಯ ಷರತ್ತು ನಿಲ್ಲುವುದಿಲ್ಲ. ನಿಮ್ಮ ಮದುವೆ 1991ರಲ್ಲಿ ಆಗಿದ್ದರೂ ಅಡ್ಡಿಯಿಲ್ಲ.

ಅಪ್ಪ 2005ಕ್ಕೆ ಮೊದಲೇ ತೀರಿಕೊಂಡರಲ್ಲ ಅಂತ ಇನ್ನು ಯಾರಾದರೂ ಹೇಳಬಹುದು. ಈ ಬಗ್ಗೆ ಸುಪ್ರೀಂ ಕೋರ್ಟಿನಲ್ಲೇ ಗೊಂದಲ ಇತ್ತು. ನಮ್ಮ ರಾಜ್ಯದಿಂದ ಹೋದ ಒಂದು ಕೇಸಿನಲ್ಲಿ, 2015ರಲ್ಲಿ, ತಿದ್ದುಪಡಿ ಜಾರಿಯಾದ ದಿನ ತಂದೆ ಬದುಕಿರಬೇಕು ಅಂತ ತೀರ್ಪಾಯಿತು. ಇಲ್ಲಿಂದಲೇ ಹೋದ ಇನ್ನೊಂದು ಕೇಸಿನಲ್ಲಿ, 2018ರಲ್ಲಿ, 2001ರಲ್ಲೇ ತಂದೆ ತೀರಿಕೊಂಡಿದ್ದ ಅಕ್ಕ-ತಂಗಿಗೆ ಪಾಲು ಸಿಕ್ಕಿತು. ಕೊನೆಗೆ 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಇದನ್ನು ಇತ್ಯರ್ಥ ಮಾಡಿತು. ಹಕ್ಕು ಹುಟ್ಟಿನಿಂದ ಬರುವಂಥದ್ದು, ಆ ದಿನ ತಂದೆ ಬದುಕಿರಲೇಬೇಕು ಅಂತಿಲ್ಲ.

ಹಾಗಾಗಿ ಅಪ್ಪ-ಅಮ್ಮ ಉಯಿಲು ಬರೆಯದೆ ಹೋಗಿದ್ದರೆ, ಮಕ್ಕಳು ನೀವು ಮೂವರೇ ಆಗಿದ್ದರೆ, ಮೂರರಲ್ಲಿ ಒಂದು ಪಾಲು ನಿಮ್ಮದು. 2004ರ ಡಿಸೆಂಬರ್ 20ಕ್ಕೆ ಮೊದಲೇ ರಿಜಿಸ್ಟರ್ ಆದ ಪಾಲುಪಟ್ಟಿ ಅಥವಾ ಕ್ರಯಪತ್ರ ಇದ್ದರೆ ಲೆಕ್ಕ ಬೇರೆಯಾಗುತ್ತದೆ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಋಣಭಾರ ಪತ್ರ (ಇ.ಸಿ., ಆ ಹೊಲದ ಮೇಲೆ ರಿಜಿಸ್ಟರ್ ಆದ ವ್ಯವಹಾರಗಳ ಪಟ್ಟಿ) ತೆಗೆಸಿ ನೋಡಿ. ಬಾಯಿಮಾತಿನಲ್ಲಿ ವಾಟ್ನಿ ಆಗಿತ್ತು ಅಂತ ಅಣ್ಣಂದಿರು ಈಗ ಹೇಳಿದರೆ, ಗಟ್ಟಿಯಾದ ಸರ್ಕಾರಿ ದಾಖಲೆ ಇಲ್ಲದೆ ಕೋರ್ಟು ಸುಲಭಕ್ಕೆ ಒಪ್ಪುವುದಿಲ್ಲ. ಪಹಣಿಯಲ್ಲಿ ಅವರ ಹೆಸರಿದೆ ಅಂತ ನಿಮ್ಮ ಹಕ್ಕು ಹೋಗುವುದೂ ಇಲ್ಲ.

ಒಂದೇ ಎಚ್ಚರಿಕೆ. ಸುಮ್ನೆ ಒಂದು ಸಹಿ ಅಂತ ಹೇಳಿ ಹಕ್ಕು ಬಿಡುಗಡೆ ಪತ್ರ ಮುಂದೆ ಇಟ್ಟರೆ, ಓದಿಸದೆ ಸಹಿ ಮಾಡಬೇಡಿ. ಮೊದಲು ಅಣ್ಣಂದಿರ ಹತ್ತಿರ ಕೂತು ಮಾತಾಡಿ. ಒಪ್ಪದಿದ್ದರೆ ನಿಮ್ಮ ತಾಲ್ಲೂಕು ಕೋರ್ಟಿನಲ್ಲಿರುವ ಕಾನೂನು ಸೇವಾ ಸಮಿತಿಗೆ ಹೋಗಿ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಅಲ್ಲಿ ವಕೀಲರನ್ನು ಉಚಿತವಾಗಿ ಕೊಡುತ್ತಾರೆ.