ದೊಡ್ಡ ಗ್ಯಾಂಗ್‌ಸ್ಟರ್ ಸಿನಿಮಾಗಳನ್ನು ನೋಡಿ ಮುಗಿಸಿದವರಿಗೆ: ‘ಸ್ಟೇಟ್ ಆಫ್ ಗ್ರೇಸ್’

ಹೆಸರಾಂತ ಮಾಫಿಯಾ ಸಿನಿಮಾಗಳೆಲ್ಲ ನೋಡಿಯಾಯ್ತು, ಯಾರೂ ಜಾಸ್ತಿ ಮಾತಾಡದ ಒಂದು ಹೇಳಿ, ನಟನೆ ಗಟ್ಟಿಯಾಗಿರಬೇಕು ಎಂದು ಕೇಳಿದ್ದೀರಿ. ಹಾಗಾದರೆ ‘ಸ್ಟೇಟ್ ಆಫ್ ಗ್ರೇಸ್’ ನೋಡಿ. 1990ರದ್ದು, ಫಿಲ್ ಜೊವಾನೂ ನಿರ್ದೇಶನ.

ಚೆನ್ನಾಗಿಲ್ಲ ಎಂದು ಮೂಲೆಗೆ ಬಿದ್ದ ಸಿನಿಮಾ ಅಲ್ಲ ಇದು. ಇದು ಬಂದ ಸೆಪ್ಟೆಂಬರ್‌ನಲ್ಲೇ ಮಾರ್ಟಿನ್ ಸ್ಕಾರ್ಸೇಸಿಯ ಮಾಫಿಯಾ ಸಿನಿಮಾ ‘ಗುಡ್‌ಫೆಲ್ಲಾಸ್’ ಕೂಡ ಬಂತು. ಜನ ಪೂರ್ತಿ ಆ ಕಡೆ ವಾಲಿದರು.

ಕಥೆ ನ್ಯೂಯಾರ್ಕಿನ ಹೆಲ್ಸ್ ಕಿಚನ್ ಎಂಬ ಬಡಾವಣೆಯದ್ದು. ಐರಿಶ್ ಹುಡುಗರ ಗ್ಯಾಂಗ್. ವರ್ಷಗಟ್ಟಲೆ ಊರು ಬಿಟ್ಟಿದ್ದ ಟೆರ್ರಿ ವಾಪಸ್ ಬರುತ್ತಾನೆ. ಹಳೇ ಗೆಳೆಯ ಜಾಕಿ ತಬ್ಬಿಕೊಳ್ಳುತ್ತಾನೆ. ಜಾಕಿಯ ಅಣ್ಣ ಫ್ರಾಂಕಿ ಗ್ಯಾಂಗಿನ ಯಜಮಾನ. ಇಷ್ಟು ಗೊತ್ತಿದ್ದರೆ ಸಾಕು. ದಯವಿಟ್ಟು ಟ್ರೇಲರ್ ನೋಡಬೇಡಿ, ಕಥಾಸಾರ ಓದಬೇಡಿ. ಟೆರ್ರಿಯ ವಿಷಯ ಒಂದಿದೆ, ಅದನ್ನು ಸಿನಿಮಾನೇ ನಿಮಗೆ ಹೇಳಬೇಕು.

ಈಗ ನಟನೆ. ಟೆರ್ರಿ ಶಾನ್ ಪೆನ್, ಫ್ರಾಂಕಿ ಎಡ್ ಹ್ಯಾರಿಸ್. ಆದರೆ ಜಾಕಿ ಆಗಿರುವ ಗ್ಯಾರಿ ಓಲ್ಡ್‌ಮನ್ ಮೇಲೆ ಕಣ್ಣಿಡಿ. ಲಂಡನ್ನಿನಲ್ಲಿ ಹುಟ್ಟಿ ಬೆಳೆದವರು ಎಂದರೆ ನಂಬೋಕಾಗಲ್ಲ. ಎಣ್ಣೆ ಹಿಡಿದ ಕೂದಲು, ಒಂದು ಕಡೆ ನಿಲ್ಲದ ಮೈ. ಪೆಟ್ರೋಲ್ ಸುರಿದು ಬೆಂಕಿ ಹಚ್ಚಿ, ಆ ಬೆಂಕಿಯ ನಡುವೆಯೇ ಹೊರಗೆ ಓಡುವುದು ಇವನಿಗೆ ಆಟ. ಇಂಥ ಹುಚ್ಚನ ಮೇಲೆ ನಮಗೆ ಅಷ್ಟು ಪ್ರೀತಿ ಯಾಕೆ ಹುಟ್ಟುತ್ತದೆ ಅಂದರೆ, ಅವನಿಗೆ ಮುಚ್ಚಿಡಲು ಬರುವುದಿಲ್ಲ. ಗೆಳೆಯರು, ಬೀದಿ, ಅಣ್ಣ, ಇಷ್ಟೇ ಅವನ ಪ್ರಪಂಚ. ಆ ಅಣ್ಣ ಮಾತ್ರ ಸಂಸಾರ ಸಮೇತ ನದಿಯಾಚೆ ನ್ಯೂಜೆರ್ಸಿಗೆ ಹೋಗಿ ನೆಲೆಸಿದ್ದಾನೆ. ಪೆನ್ ಮಾತ್ರ ಓಲ್ಡ್‌ಮನ್‌ಗೆ ತದ್ವಿರುದ್ಧ, ಎಲ್ಲವನ್ನೂ ಒಳಗೇ ನುಂಗುತ್ತಾರೆ. ಎರಡನೇ ಸಲ ನೋಡುವಾಗ ಬರೀ ಅವರ ಮುಖ ನೋಡಿ.

ನಿರ್ದೇಶನದ ಕೈಚಳಕ ಬೇಕಾದರೆ ಒಂದು ದೃಶ್ಯ ಸಾಕು. ಫ್ರಾಂಕಿ ಇಟಾಲಿಯನ್ ಮಾಫಿಯಾದವರ ಜತೆ ಮಾತುಕತೆಗೆ ಹೋಟೆಲ್ ಒಳಗೆ ಹೋಗಿದ್ದಾನೆ. ಹತ್ತಿರದಲ್ಲೇ ಹುಡುಗರು ಬಂದೂಕು ಇಟ್ಟುಕೊಂಡು ಕಾಯುತ್ತಿದ್ದಾರೆ. ಹೇಳಿದ ಹೊತ್ತಿಗೆ ಫೋನ್ ಬರದಿದ್ದರೆ ಒಳಗೆ ನುಗ್ಗಬೇಕು. ಒಳಗೆ ಮಾತು ಮುಗಿಯುತ್ತಿಲ್ಲ, ಇಲ್ಲಿ ಫೋನ್ ರಿಂಗ್ ಆಗುತ್ತಿಲ್ಲ. ಒಂದು ಗುಂಡೂ ಹಾರಿಲ್ಲ, ನಾನು ಕುರ್ಚಿಯ ತುದಿಗೆ ಬಂದು ಕೂತಿದ್ದೆ.

ಕ್ಯಾಮೆರಾ ಜೋರ್ಡನ್ ಕ್ರೋನೆನ್‌ವೆತ್, ‘ಬ್ಲೇಡ್ ರನ್ನರ್’ ಚಿತ್ರೀಕರಿಸಿದವರು. ಸಂಗೀತ ಎನ್ನಿಯೊ ಮೊರಿಕೊನೆ. ಹಾಗಾಗಿ ಮೊಬೈಲ್‌ನಲ್ಲಿ ಸುಮ್ನೆ ನೋಡಿ ಹಾಳು ಮಾಡಿಕೊಳ್ಳಬೇಡಿ. ರಾತ್ರಿ, ಲೈಟ್ ಆರಿಸಿ, ಆದಷ್ಟು ದೊಡ್ಡ ಪರದೆಯಲ್ಲಿ ನೋಡಿ. ಬಾರ್‌ಗಳ ಮಬ್ಬು ಕತ್ತಲೆಯಲ್ಲೇ ಅರ್ಧ ಸಿನಿಮಾ ನಡೆಯುತ್ತದೆ. ಸಬ್‌ಟೈಟಲ್ ಹಾಕಿಕೊಳ್ಳಿ, ಜಾಕಿ ಕುಡಿದಾಗ ಮಾತು ಉರುಳಿಕೊಂಡು ಹೋಗುತ್ತದೆ.

ಕೊರತೆ ಇಲ್ಲ ಅನ್ನಲ್ಲ. ಎರಡು ಗಂಟೆ ಹದಿನಾಲ್ಕು ನಿಮಿಷ ಸ್ವಲ್ಪ ಜಾಸ್ತಿಯೇ. ಟೆರ್ರಿಗೂ ಜಾಕಿಯ ಒಡಹುಟ್ಟಿದವಳಾದ ಕ್ಯಾಥ್ಲೀನ್‌ಗೂ ನಡೆಯುವ ಪ್ರೀತಿಯ ಭಾಗ ನಡುವೆ ಎಳೆಯುತ್ತದೆ. ಕ್ಯಾಥ್ಲೀನ್ ಆಗಿ ರಾಬಿನ್ ರೈಟ್ ಚೆನ್ನಾಗಿ ಮಾಡಿದ್ದಾರೆ, ಆದರೆ ಬರವಣಿಗೆ ಅವರಿಗೆ ಜಾಸ್ತಿ ಜಾಗ ಕೊಟ್ಟಿಲ್ಲ. ಅಲ್ಲಿ ನಿಲ್ಲಿಸಬೇಡಿ. ಕೊನೆಗೆ ಐರಿಶ್ ಜನರ ಸೇಂಟ್ ಪ್ಯಾಟ್ರಿಕ್ ಹಬ್ಬದ ದಿನ, ಹೊರಗೆ ಮೆರವಣಿಗೆ ಸಾಗುತ್ತಿರುವಾಗ, ಟೆರ್ರಿ ಒಂದು ಬಾರ್‌ನ ಬಾಗಿಲು ತಳ್ಳಿಕೊಂಡು ಒಳಗೆ ಹೋಗುತ್ತಾನೆ. ಅಲ್ಲಿಂದ ಮುಂದಿನದು ಹೇಳಲ್ಲ. ನೋಡಿದ ಮೇಲೆ ಇಲ್ಲೇ ಬರೆಯಿರಿ, ಆ ದೃಶ್ಯದ ಬಗ್ಗೆ ಮಾತಾಡೋಕೆ ನನಗೆ ಜನ ಬೇಕು.